ಎಡಕ್ಕೆ ಎಳೆಯುವ ಪಿಕಪ್ಪಿನಲ್ಲಿ ನೇಪಾಳಕ್ಕೆ

ಸಿದ್ದಾಪುರ

ನೇಪಾಳಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಪಶುಪತಿನಾಥನ ದರ್ಶನ ಹೇಗಾಯಿತು ಎಂದು. ಚೆನ್ನಾಗಿಯೇ ಆಯಿತು. ಆದರೆ ನಾನು ಹೇಳಬೇಕೆಂದಿರುವುದು ನಮ್ಮನ್ನು ಅಲ್ಲಿಗೆ ಮುಟ್ಟಿಸಿದ ಪಿಕಪ್ಪಿನ ಸಂಗತಿ. ದೇವರ ವಿಷಯ ಹೇಳಲು ಓದಿದವರು ಇದ್ದಾರೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಗಾಡಿಯ ವಿಷಯ ಮಾತ್ರ ನನಗಿಂತ ಚೆನ್ನಾಗಿ ಹೇಳುವವರು ಕಡಿಮೆ.

ನಮ್ಮದು ಎತ್ತಿನ ಗಾಡಿ ಮಾಡುವ ಮನೆ. ನಮ್ಮ ಸೀಮೆ ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ನಾಲ್ಕೈದು ವರ್ಷ ಆಗಿತ್ತು. ಬನವಾಸಿ ಕಡೆಯ ಶಿವಬಸಪ್ಪ ಸಾಹುಕಾರರ ಹತ್ತಿರ ಒಂದು ಹಳೆಯ ಪಿಕಪ್ಪು ಇತ್ತು. ಯಲ್ಲಾಪುರದ ಕಾಡುದಾರಿಯಲ್ಲಿ ಅದರ ಹೊಟ್ಟೆ ಕಲ್ಲಿಗೆ ತಾಗಿ ತಾಗಿ ಎಣ್ಣೆ ಸೋರುತ್ತಿತ್ತು. ಅದರಲ್ಲೇ ಮನೆಮಂದಿಯನ್ನು ಕೂರಿಸಿಕೊಂಡು ಪಶುಪತಿನಾಥಕ್ಕೆ ಹೋಗುವ ಹರಕೆ ಅವರದ್ದು. ನೇಪಾಳದಲ್ಲಿ ಎಷ್ಟೋ ಹಳ್ಳಕ್ಕೆ ಸೇತುವೆಯೇ ಇಲ್ಲ ಎಂದು ಯಾರೋ ತಲೆಗೆ ತುಂಬಿದ್ದರು.

“ಗಾಡಿ ನಾಕು ಬೆರಳು ಮ್ಯಾಲೆ ಎತ್ತಿ ಕೊಡ್ರಿ ಆಚಾರ್ರ,” ಎಂದು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು.

ಮೋಟಾರು ಎತ್ತುವ ಕೆಲಸ ನಮ್ಮ ಮನೆಯವರು ಅಲ್ಲಿಯವರೆಗೆ ಮಾಡಿರಲಿಲ್ಲ. ಗಾಡಿಯ ಅಡಿಗೆ ತೂರಿ ನೋಡಿ ಹೊರಗೆ ಬಂದು, “ಇದೂ ಗಾಡಿಯೇ. ಎತ್ತು ಒಳಗೆ ಕೂತದೆ, ಅಷ್ಟೇ ಫರಕು,” ಎಂದರು. ಪಿಕಪ್ಪಿನ ಮೈ ಉಕ್ಕಿನ ಪಟ್ಟಿಗಳ ಕಮಾನಿನ ಮೇಲೆ ಕೂತಿರುತ್ತದೆ, ಕಮಾನು ಅಚ್ಚಿನ ಮೇಲೆ. ಈ ಎರಡರ ನಡುವೆ ಜಂಬೆ ಮರದ ತುಂಡು ಇಟ್ಟು, ಲಾಳದ ಹಾಗೆ ಬಗ್ಗಿಸಿದ ಉದ್ದ ಬೋಲ್ಟಿನಿಂದ ಬಿಗಿದರೆ ಗಾಡಿ ತುಂಡಿನ ದಪ್ಪದಷ್ಟು ಮೇಲೇಳುತ್ತದೆ. ತುಂಡಿನ ಮೇಲ್ಗಡೆ ಒಂದು ತೂತು. ಕಮಾನಿನ ಮೊಳೆ ಅದರಲ್ಲಿ ಕೂರುತ್ತದೆ. ಕೆಳಗಡೆ ಸರಿಯಾಗಿ ನಡುವೆ ಒಂದು ಗೂಟ; ಅದು ಅಚ್ಚಿನೊಳಗೆ ಕೂರುತ್ತದೆ. ಇಷ್ಟೇ ವಿದ್ಯೆ. ಜಂಬೆ ಮರ ಕಬ್ಬಿಣಕ್ಕೆ ಹೆದರುವ ಮರವಲ್ಲ.

ಹೊರಡುವ ದಿನ ಮುಂದಿನ ಎಡಗಡೆಯ ತುಂಡೊಂದು ಉಳಿದಿತ್ತು. ನಮ್ಮ ಮನೆಯವರು ಸ್ನಾನಕ್ಕೆ ಹೋಗಿದ್ದರು. ಸಾಹುಕಾರರು ಅಂಗಳದಲ್ಲಿ ಬೆಕ್ಕಿನ ಹಾಗೆ ಸುತ್ತುತ್ತಿದ್ದರು.

“ಅಕ್ಕಾರ, ರಾಹುಕಾಲ ಬಂದ ಬಿಡ್ತ್ರಿ. ಆಚಾರ್ರ ಜಳಕ ಮುಗಿಯೂದು ಯಾವಾಗ?”

“ಅವ್ರ ಸ್ನಾನಕ್ಕೂ ನಿಮ್ಮ ರಾಹುಗೂ ಎಂತ ಸಂಬಂಧ? ತಡೀರಿ, ನಾ ಕೊರೀತೆ,” ಎಂದು ಬೈರಿಗೆ ಹಿಡಿದು ಕೂತೆ. ಬೈರಿಗೆ ಹಿಡಿಯುವ ಹೆಂಗಸು ನಮ್ಮ ಕೇರಿಯಲ್ಲಿ ನಾನೊಬ್ಬಳೇ. ಆಡಿಕೊಳ್ಳುವವರು ಆಡಿಕೊಂಡರು. ಅವರ ಮನೆಯ ಗಾಡಿಯ ತೂತುಗಳೂ ನನ್ನ ಕೈಯವೇ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮನೆಯಿಂದ ಗಾಡಿ ಹೊರಟರೆ ಅದರ ಮೊದಲ ಪಯಣದಲ್ಲಿ ಮನೆಯವರೊಬ್ಬರು ಕೂರಬೇಕು. ಅರ್ಧ ದಾರಿಯಲ್ಲಿ ಮುರಿದರೆ ಮಾಡಿದವರೂ ಅಲ್ಲೇ ಬಿಸಿಲಲ್ಲಿ ಕೂರಲಿ ಎಂದು ನಮ್ಮ ಮಾವನವರು ಇಟ್ಟ ಕಟ್ಟು. ಎಂದಿನಂತೆ ಆದರೆ ಅದು ಸೊರಬಕ್ಕೋ ಬನವಾಸಿಗೋ. ಈ ಸಲ ನೇಪಾಳ. ನಮ್ಮ ಮನೆಯವರು, “ನಂಗೆ ನಾಲ್ಕು ಗಾಡಿ ಬಾಕಿ ಇದೆ, ನೀನೇ ಹೋಗು. ಬಾಯಿ ಮಾತ್ರ ಇಲ್ಲೇ ಬಿಟ್ಟು ಹೋಗು ಮಾರಾಯ್ತಿ, ಗಾಡಿಗೆ ಭಾರ ಆಗ್ತದೆ,” ಎಂದರು.

ಬಾಯಿ ತೆಗೆದುಕೊಂಡೇ ಹತ್ತಿದೆ.

ಯಲ್ಲಾಪುರ

ಡ್ರೈವರ್ ಇಮಾಮ ಸಿರ್ಸಿಯವನು. ನಲವತ್ತರ ಆಸುಪಾಸು, ಬಡಕಲು ಮೈ, ಮಾತು ಕಡಿಮೆ. ನಾನು ಮುಂದೆ ಅವನ ಪಕ್ಕಕ್ಕೆ ಕೂತಿದ್ದೆ, ನನ್ನ ಆಚೆ ಸಾಹುಕಾರರ ಹೆಂಡತಿ ಗಿರಿಜವ್ವ. ಹಿಂದೆ ಸಾಹುಕಾರರೂ ಅವರ ನೆಂಟರೂ ಬುತ್ತಿಯ ಡಬ್ಬಿಗಳೂ.

ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಮಾಮ ನನ್ನ ಹತ್ತಿರ ಬಂದು ಮೆಲ್ಲಗೆ, “ಅಮ್ಮಾ, ಗಾಡಿ ಎಡಕ್ಕೆ ಎಳೀತದೆ. ಮೊದಲು ಹಿಂಗಿರಲಿಲ್ಲ,” ಎಂದ.

ನನಗೆ ಮೈ ಉರಿಯಿತು. “ನಮ್ಮ ಮನೆ ಗಾಡಿ ಎಡಕ್ಕೂ ಎಳಿಯಲ್ಲ, ಬಲಕ್ಕೂ ಎಳಿಯಲ್ಲ. ಎಳಿಯೂದು ನಿನ್ನ ಕೈ,” ಎಂದೆ. ಚಹಾ ಅಂಗಡಿಯವರೆಲ್ಲ ಕೇಳುವ ಹಾಗೆಯೇ ಎಂದೆ. ಅವನು ಹೋಗಿ ಸ್ಟೇರಿಂಗ್ ಹಿಡಿದು ಕೂತ.

ಕಾಶಿ

ಅಷ್ಟು ದೂರದ ದಾರಿಯಲ್ಲಿ ಅನ್ನ ಸಿಗುವ ಊರು ಮುಗಿದು ರೊಟ್ಟಿಯ ಊರು ಶುರುವಾಯಿತು. ಗಿರಿಜವ್ವನಿಗೆ ಖುಷಿ, ನನಗೆ ಹೊಟ್ಟೆನೋವು. ಇಮಾಮ ದಿನವಿಡೀ ಸ್ಟೇರಿಂಗನ್ನು ಬಲಕ್ಕೆ ಹಿಡಿದೇ ಇರುತ್ತಿದ್ದ. ತುಂಟ ಎತ್ತಿನ ಮೂಗುದಾರ ಹಿಡಿದವನ ಹಾಗೆ. ಸ್ವಲ್ಪ ಸಡಿಲ ಬಿಟ್ಟರೆ ಪಿಕಪ್ಪು ಎಡಗಡೆಯ ಚರಂಡಿಯ ಕಡೆಗೆ ಮೂತಿ ತಿರುಗಿಸುತ್ತಿತ್ತು. ಒಮ್ಮೆ ಹಾಗೇ ಹೋಗಿ ಕಬ್ಬಿನ ಗದ್ದೆಯ ಬೇಲಿ ಮುರಿದೆವು. ಗದ್ದೆಯ ಹೆಂಗಸು ನಮ್ಮನ್ನು ಬಾಯಿಗೆ ಬಂದ ಹಾಗೆ ಬೈದಳು. ಭಾಷೆ ತಿಳಿಯಲಿಲ್ಲ, ಆದರೆ ಬೈಗುಳದಲ್ಲಿ ನಮ್ಮವರಷ್ಟೇ ಗಟ್ಟಿ ಎಂದು ತಿಳಿಯಿತು.

ಕಾಶಿಯಲ್ಲಿ ಒಬ್ಬ ಮೇಸ್ತ್ರಿಗೆ ತೋರಿಸಿದರು. ಅವನು ಪಾನು ಜಗಿಯುತ್ತ ಗಾಡಿಯ ಅಡಿಗೆ ಮಲಗಿ, ಎರಡು ಚಕ್ರಗಳನ್ನು ಜೋಡಿಸುವ ಸರಳನ್ನು ತಿರುಗಿಸಿ ಎದ್ದ. “ಮೂರು ಸುತ್ತು ತಿರುಗಿಸಿದ,” ಎಂದು ಇಮಾಮ ತನಗೇ ಹೇಳಿಕೊಂಡ. ಒಂದು ದಿನ ಸರಿಯಾದಂತೆ ಕಂಡಿತು. ಆಮೇಲೆ ಎಳೆತ ಹಾಗೇ ಉಳಿಯಿತು, ಅದರ ಮೇಲೆ ಎಡಗಡೆಯ ಟೈರಿನ ಅಂಚು ಗರಗಸದ ಹಲ್ಲಿನ ಹಾಗೆ ಸವೆಯಲು ಹತ್ತಿತು. ಜ್ವರಕ್ಕೆ ಕೊಟ್ಟ ಮದ್ದಿನಿಂದ ಜ್ವರದ ಜೊತೆ ತುರಿಕೆಯೂ ಬಂದಂತೆ.

ಗಂಗೆ ದಾಟುವಾಗ ಗಿರಿಜವ್ವ ನನ್ನ ಕಿವಿಯಲ್ಲಿ, “ಇಮಾಮನ ಬಲಗೈ ನೋಡ್ರಿ ಅಕ್ಕಾರ, ಬಾತು ಕುಂಬಳಕಾಯಿ ಆಗೈತಿ,” ಎಂದಳು.

ನೋಡಿದೆ. ನೋಡಿಯೂ, “ಸರಿಯಾಗಿ ಹಿಡಿಯೂಕೆ ಬಂದ್ರೆ ಕೈ ಬಾತ್ಕಳೂದಿಲ್ಲ,” ಎಂದೆ. ಇದನ್ನು ಬರೆಯದಿದ್ದರೂ ನಡೆಯುತ್ತಿತ್ತು. ಆದರೆ ನಾನು ಆಡಿದ್ದು ಹಾಗೆಯೇ.

ರಕ್ಸೌಲ್ ಮತ್ತು ಬೀರ್ಗಂಜ್

ರಕ್ಸೌಲ್ ನಮ್ಮ ದೇಶದ ಕೊನೆಯ ಊರು. ಒಂದು ಸಣ್ಣ ಹೊಳೆಯ ಸೇತುವೆ ದಾಟಿದರೆ ಬೀರ್ಗಂಜ್, ಪರದೇಶ. ಪರದೇಶ ಎಂದರೆ ಬೇರೆ ಬಣ್ಣದ ಮಣ್ಣು ಇರುತ್ತದೋ ಏನೋ ಎಂದುಕೊಂಡಿದ್ದೆ. ಅದೇ ಧೂಳು, ಅದೇ ನೊಣ.

ಸುಂಕದ ಕಟ್ಟೆಯಲ್ಲಿ ಓರೆ ಟೋಪಿಯ ಅಧಿಕಾರಿಯೊಬ್ಬ ನಮ್ಮ ಪಿಕಪ್ಪಿನ ಎತ್ತರ ನೋಡಿ ಸಂಶಯಪಟ್ಟ. ಬಗ್ಗಿ, ಜಂಬೆ ತುಂಡನ್ನು ಕೋಲಿನಿಂದ ಕುಟ್ಟಿ, ಒಳಗೆ ಏನು ಎಂದು ಹಿಂದಿಯಲ್ಲಿ ಕೇಳಿದ. “ಲಕಡಿ,” ಎಂದ ಇಮಾಮ. ಲಕಡಿಯೊಳಗೆ ಏನು? “ಲಕಡಿ.” ಅಧಿಕಾರಿ ಮತ್ತೊಮ್ಮೆ ಕುಟ್ಟಿದ. ನಾನು ಕೆಳಗಿಳಿದು, ಅಲ್ಲೇ ಇದ್ದ ಅವನ ಮೇಜನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ನಮ್ಮ ತುಂಡನ್ನು ಕುಟ್ಟಿ ತೋರಿಸಿದೆ. ಅವನ ಮೇಜು ಟೊಳ್ಳು ಸದ್ದು ಮಾಡಿತು, ನಮ್ಮದು ಕಲ್ಲಿನ ಸದ್ದು. ಅವನು ನಕ್ಕು ಕಾಗದಕ್ಕೆ ಮುದ್ರೆ ಒತ್ತಿದ. ಆ ಹೊತ್ತು ನನಗೆ ಎಷ್ಟು ಹೆಮ್ಮೆ ಆಯಿತೆಂದರೆ ಊಟವೂ ಬೇಡವಾಯಿತು.

ಆದರೆ ಸಾಹುಕಾರರು ಬೇರೆಯೇ ಲೆಕ್ಕ ಹಾಕಿದ್ದರು. ಮುಂದೆ ಎತ್ತರದ ಘಾಟಿ; ಹತ್ತುವಾಗ ಎಷ್ಟೋ ಕಡೆ ಎಡಗಡೆಗೆ ಕಮರಿ. ನಮ್ಮ ಗಾಡಿಯ ಎಳೆತವೂ ಎಡಕ್ಕೆ.

“ಇಮಾಮ, ನಿನ್ನ ಕೈ ಸೋತಾವು. ಅಮ್ಲೇಖಗಂಜಿನಾಗ ಘಾಟಿ ಡ್ರೈವರ್ ಸಿಗತಾರಂತ. ಅಲ್ಲಿಂದ ನೀ ರಕ್ಸೌಲಿನ ಸಣ್ಣ ರೈಲು ಹತ್ತಿ ಊರಿಗೆ ಹೋಗಿ ಬಿಡು,” ಎಂದರು.

ಇಮಾಮ ತಲೆಗೆ ಕಟ್ಟಿದ ಕರವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡ. “ಸಾಹುಕಾರ್ರೆ, ಘಾಟಿಯಲ್ಲಿ ಕೈ ಸೋತು ವಾಪಸ್ ಬಂದ ಅಂದ್ರೆ ಸಿರ್ಸಿ ಸ್ಟ್ಯಾಂಡಿನಲ್ಲಿ ನಂಗೆ ಯಾರೂ ಸ್ಟೇರಿಂಗ್ ಕೊಡೂದಿಲ್ಲ. ದೇವಿಮನೆ ಘಾಟಿ, ಅರಬೈಲು ಘಾಟಿ, ನಾನು ಇಳಿಸದ ಘಾಟಿ ಯಾವುದಿದೆ?”

“ಅದು ಖರೇ. ಆದ್ರ ನನ್ನ ಹಿಂದ ಎಂಟು ಜೀವ ಅದಾವ,” ಎಂದರು ಸಾಹುಕಾರರು. ಅವರ ಮಾತೂ ತಪ್ಪಲ್ಲ. ಇಮಾಮ ನನ್ನ ಕಡೆ ನೋಡಿದ. ನಾನು ಎಲೆಗೆ ಸುಣ್ಣ ಹಚ್ಚುತ್ತ ಕೂತೆ.

ಅಮ್ಲೇಖಗಂಜ್

ಕಾಡಿನ ನಡುವಿನ ಊರು. ಎರಡೂ ಕಡೆ ಸಾಲ ಎಂಬ ಜಾತಿಯ ಮರ, ನೆಟ್ಟಗೆ, ಒಂದರ ಹಾಗೆ ಒಂದು. ನೋಡಿದರೆ ಯಾವ ಆಚಾರಿಯ ಕೈಯೂ ತುರಿಸಬೇಕು. ಸಣ್ಣ ರೈಲಿನ ಕೊನೆಯ ನಿಲ್ದಾಣ ಅಲ್ಲೇ. ಸಾಹುಕಾರರು ಮಧ್ಯಾಹ್ನವೇ ಒಬ್ಬ ಘಾಟಿ ಡ್ರೈವರನನ್ನು ಗೊತ್ತುಮಾಡಿ ಬಂದರು. ಮರುದಿನ ಬೆಳಿಗ್ಗೆ ಅವನು ಸ್ಟೇರಿಂಗ್ ಹಿಡಿಯುವುದು, ಇಮಾಮ ರೈಲು ಹತ್ತುವುದು ಎಂದಾಯಿತು.

ಊಟಕ್ಕೆ ಅಲ್ಲಿಯವರು ಕೊಟ್ಟದ್ದು ಅವಲಕ್ಕಿ ಮೊಸರು. ಪರದೇಶಕ್ಕೆ ಬಂದು ಅವಲಕ್ಕಿ ತಿಂದೆ. ನಮ್ಮದಕ್ಕಿಂತ ದಪ್ಪ, ನೆನೆಯಲು ಹೊತ್ತು ಬೇಕು. ಅಲ್ಲಿ ಹೊರೆಯನ್ನು ತಲೆಯ ಮೇಲೆ ಹೊರುವುದಿಲ್ಲ. ಬೆನ್ನ ಬುಟ್ಟಿಗೆ ಪಟ್ಟಿ ಕಟ್ಟಿ ಹಣೆಗೆ ಸಿಕ್ಕಿಸಿಕೊಳ್ಳುತ್ತಾರೆ. ಒಬ್ಬಳ ಬುಟ್ಟಿಯಲ್ಲಿ ಕಟ್ಟಿಗೆ ಇತ್ತು, ಕಟ್ಟಿಗೆಯ ಮೇಲೆ ಅವಳ ಅತ್ತೆ ಕೂತಿದ್ದಳು. ನಮ್ಮ ಸೊಸೆಗೆ ಹೇಳಬೇಕು ಎಂದುಕೊಂಡೆ.

ಬಿಡಾರದ ಹಿಂದೆ ಬಾಚಿಯ ಸದ್ದು ಕೇಳಿತು. ಹೋಗಿ ನೋಡಿದರೆ ಒಬ್ಬ ಮುದಿ ಬಡಗಿ ಎತ್ತಿನ ಗಾಡಿ ಕಟ್ಟುತ್ತಿದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ ಗುಡುಗುಡಿ ಸೇದುತ್ತ ಅವನಿಗೆ ತಪ್ಪು ತೋರಿಸುತ್ತಿದ್ದಾಳೆ. ಮನೆಗೆ ಬಂದ ಹಾಗಾಯಿತು. ಅವನು ಮರವನ್ನು ಕಾಲ್ಬೆರಳಲ್ಲಿ ಹಿಡಿದು ಕೆತ್ತುತ್ತಿದ್ದ. ಆಮೇಲೆ ಎದ್ದು, ನೊಗದ ನಡುವಿಗೆ ಹಗ್ಗ ಕಟ್ಟಿ, ಅಚ್ಚಿನ ಬಲ ತುದಿಗೆ ಎಳೆದು ಗಂಟು ಹಾಕಿದ. ಅದೇ ಹಗ್ಗವನ್ನು ಎಡ ತುದಿಗೆ ಎಳೆದು ಗಂಟು ಸರಿಯಾಗಿ ಅಲ್ಲಿಗೇ ಬರುತ್ತದೋ ನೋಡಿದ. ನಮ್ಮಲ್ಲೂ ಇದೇ. ಎರಡೂ ಕಡೆ ಸಮ ಬಂದರೆ ಅಚ್ಚು ಅಡ್ಡ ನೆಟ್ಟಗಿದೆ ಎಂದು ಅರ್ಥ. ಸಮ ಬರದಿದ್ದರೆ ಗಾಡಿ ಗಿಡ್ಡಾದ ಕಡೆಗೆ ಎಳೆಯುತ್ತದೆ.

ಗಿಡ್ಡಾದ ಕಡೆಗೆ ಎಳೆಯುತ್ತದೆ. ಮೂವತ್ತು ವರ್ಷ ನಾನೇ ನಾಲ್ಕೂರಿನ ಗಾಡಿಯವರಿಗೆ ಹೇಳಿದ ಮಾತು. ಪಿಕಪ್ಪಿಗೆ ಮಾತ್ರ ನಾವು ಹಗ್ಗ ಹಿಡಿದೇ ಇರಲಿಲ್ಲ. ನೊಗ ಇಲ್ಲದ ಗಾಡಿಗೆ ಹಗ್ಗ ಎಲ್ಲಿ ಕಟ್ಟುವುದು ಎಂದು ಯಾರೂ ಯೋಚಿಸಲಿಲ್ಲ.

ಮುದುಕನ ಕೈಯಿಂದ ಹಗ್ಗ ಕಿತ್ತುಕೊಂಡೆ. ಅವನ ಹೆಂಡತಿ ಗುಡುಗುಡಿ ಬಿಟ್ಟು ಎದ್ದಳು. ಪಿಕಪ್ಪಿನ ಹತ್ತಿರ ಓಡಿ ಹೋಗಿ, “ಇಮಾಮ, ಚಕ್ರ ನೆಟ್ಟಗೆ ನಿಲ್ಲಿಸು. ಹಿಂದಿನ ಚಕ್ರದ ನಡುವೆ ಈ ತುದಿ ಹಿಡಿ,” ಎಂದೆ. ಬಲಗಡೆ ಮುಂದಿನ ಚಕ್ರದ ನಡುವಿಗೆ ಎಳೆದು ಗಂಟು ಹಾಕಿದೆ. ಎಡಗಡೆಗೆ ಬಂದು ಎಳೆದೆ. ಗಂಟು ಅರ್ಧ ಬೆರಳು ಆಚೆಗೆ ಹೋಯಿತು. ಎಡಗಡೆ ಗಿಡ್ಡು.

“ಜಾಕು ಹಾಕು,” ಎಂದೆ.

ಮುಂದಿನ ಎರಡೂ ತುಂಡು ಹೊರಗೆ ಬಂದವು. ಮುದುಕ, ಮುದುಕಿ, ಇಮಾಮ, ನಾನು ಸುತ್ತ ಕೂತೆವು. ಬಲಗಡೆಯ ತುಂಡಿನ ಮುಂದಿನ ಅಂಚಿಗೆ ನನ್ನ ಎರಡು ಬೆರಳು ಇಟ್ಟೆ. ತೂತಿಗೂ ಬೆರಳಿಗೂ ನಡುವೆ ಸಂದು ಉಳಿಯಿತು. ಎಡಗಡೆಯ ತುಂಡಿಗೆ ಇಟ್ಟೆ. ತೂತು ಬೆರಳಿಗೆ ಅಂಟಿಕೊಂಡೇ ಇತ್ತು.

ನಮ್ಮ ಮನೆಯಲ್ಲಿ ಸಣ್ಣ ಅಳತೆಗೆಲ್ಲ ಬೆರಳು. ಮುಂದಿನ ಅಂಚಿನಿಂದ ಎರಡು ಬೆರಳು ಬಿಟ್ಟು ತೂತು ಎಂದರೆ ಎರಡು ಬೆರಳು. ಅದಕ್ಕೇ ಮಾವನವರ ಇನ್ನೊಂದು ಕಟ್ಟು ಇತ್ತು: ಒಂದು ಗಾಡಿಗೆ ಒಂದೇ ಕೈ. ಗುರುತು ಹಾಕುವವರು ಒಬ್ಬರೇ, ಕೊರೆಯುವವರು ಯಾರಾದರೂ ಆಗಬಹುದು. ನಮ್ಮ ಮನೆಯವರ ಬೆರಳು ಬಾಳೆಕಾಯಿಯಂಥವು. ನನ್ನವು ಅಲ್ಲ. ರಾಹುಕಾಲ ತಪ್ಪಿಸುವ ಗಡಿಬಿಡಿಯಲ್ಲಿ ಕೊನೆಯ ತುಂಡಿಗೆ ಗುರುತು ಹಾಕಿದ್ದೂ ನಾನು, ಕೊರೆದದ್ದೂ ನಾನು. ತೂತು ಮುಂದಕ್ಕೆ ಬಂತು, ಗೂಟ ನಡುವೆಯೇ ಉಳಿಯಿತು, ಎಡಗಡೆಯ ಚಕ್ರ ಅರ್ಧ ಬೆರಳು ಹಿಂದೆ ಕೂತಿತು. ಸಿದ್ದಾಪುರದಿಂದ ಇಲ್ಲಿಯವರೆಗೆ ಇಮಾಮ ಆ ಅರ್ಧ ಬೆರಳನ್ನು ತನ್ನ ಬಲಗೈಯಲ್ಲಿ ಎಳೆದು ತಂದಿದ್ದ.

ಅವನಿಗೆ ಅರ್ಥವಾಯಿತು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಏನೂ ಎನ್ನಲಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು, ತಿರುಗಿ ಜಗಳ ಮಾಡಬಹುದಿತ್ತು.

ಸಾಹುಕಾರರನ್ನು ಕರೆಸಿದೆ. “ಸಾಹುಕಾರ್ರೆ, ಸೋತದ್ದು ಇಮಾಮನ ಕೈಯಲ್ಲ. ತಪ್ಪಿದ್ದು ನನ್ನ ಕೈ. ಈ ತುಂಡು ನಂದು,” ಎಂದೆ.

ಅವರು ನಂಬಲಿಲ್ಲ. “ಅಕ್ಕಾರ, ಅವನ ಮ್ಯಾಲಿನ ಕನಿಕರಕ್ಕ ಸುಳ್ಳ ಹೇಳಾಕತ್ತೀರಿ.”

“ನಂಗೆ ಯಾರ ಮೇಲೂ ಕನಿಕರ ಇಲ್ಲೆ. ಸುಳ್ಳು ಹೇಳಿ ನಮ್ಮ ಮನೆ ಹೆಸರು ಕೆಡಿಸೂ ಹುಚ್ಚೂ ಹಿಡಿದಿಲ್ಲೆ. ಸಂಜೆ ತನಕ ತಡೀರಿ. ಆಗಲೂ ಎಳೆದ್ರೆ ಇಮಾಮನ ಜೊತೆ ನನ್ನನ್ನೂ ರೈಲಿಗೆ ಹತ್ತಿಸಿ.”

“ಹತ್ತಸ್ತೇನಿ ನೋಡ್ರಿ ಮತ್ತ!”

“ಹತ್ತಿಸಿ.”

ಹಳೆಯ ತುಂಡಿಗೆ ಮತ್ತೆ ತೂತು ಹಾಕಿದರೆ ಸೀಳುತ್ತದೆ, ಹೊಸದೇ ಬೇಕು. ಮುದುಕನಿಗೆ ಕೈಸನ್ನೆಯಲ್ಲಿ ಹೇಳಿದೆ. ಅವನು ಒಣಗಿದ ಸಾಲ ಮರದ ತುಂಡು ತಂದು ಬಾಚಿಯಿಂದ ಹದಮಾಡಿ ಗೂಟ ಕೂರಿಸಿಕೊಟ್ಟ. ತೂತಿಗೆ ಗುರುತು ಹಾಕಲು ಅವನೂ ಬೆರಳು ಚಾಚಿದ. ನಾನು ಅವನ ಕೈಗೆ ಪಟ್ಟನೆ ಹೊಡೆದೆ. ಅವನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಬೇಲಿಯಿಂದ ಒಂದು ಬಿದಿರು ಕಡ್ಡಿ ಮುರಿದು, ಬಲಗಡೆಯ ತುಂಡಿನ ಮೇಲೆ ಇಟ್ಟು, ಅಂಚಿನಿಂದ ತೂತಿನವರೆಗೆ ಸರಿಯಾಗಿ ಕತ್ತರಿಸಿದೆ. ಅದು ನಮ್ಮ ಮನೆಯವರ ಎರಡು ಬೆರಳು. ಮನುಷ್ಯ ಸಿದ್ದಾಪುರದಲ್ಲಿ, ಬೆರಳು ನೇಪಾಳದಲ್ಲಿ. ಆ ಕಡ್ಡಿ ಇಟ್ಟು ಗುರುತು ಹಾಕಿ ನಾನೇ ಕೊರೆದೆ. ಸಾಲ ಮರ ಗಟ್ಟಿ, ಒಪ್ಪುತ್ತೇನೆ. ಜಂಬೆಯಷ್ಟಲ್ಲ.

ಎಲ್ಲ ಬಿಗಿದ ಮೇಲೆ ಹಗ್ಗ ಹಿಡಿದೆವು. ಗಂಟು ಬಲಕ್ಕೂ ಎಡಕ್ಕೂ ಒಂದೇ ಕಡೆ ಬಂತು. ಇಮಾಮ ಕಾಶಿಯ ಮೇಸ್ತ್ರಿ ತಿರುಗಿಸಿದ್ದ ಮೂರು ಸುತ್ತನ್ನು ಲೆಕ್ಕ ಹಾಕಿ ವಾಪಸು ತಿರುಗಿಸಿದ, ಸವೆದ ಟೈರು ಬಿಚ್ಚಿ ಸ್ಟೆಪ್ನಿ ಹಾಕಿದ.

ಹೊತ್ತು ಮುಳುಗುವ ಮೊದಲು ಕಾಡಿನ ನೆಟ್ಟಗಿನ ದಾರಿಯಲ್ಲಿ ಪರೀಕ್ಷೆ. ಮುಂದೆ ಇಮಾಮ, ನಾನು, ಸಾಹುಕಾರರು. ಹಿಂದೆ ಘಾಟಿ ಡ್ರೈವರನೂ ತಮಾಷೆ ನೋಡಲು ಹತ್ತಿದ್ದ. ಗಾಡಿ ವೇಗ ಹಿಡಿದ ಮೇಲೆ ಇಮಾಮ ಎರಡೂ ಕೈ ಎತ್ತಿ ತಲೆಯ ಕರವಸ್ತ್ರ ಬಿಚ್ಚಿದ. ನಿಧಾನಕ್ಕೆ ಕೊಡವಿದ. ನಿಧಾನಕ್ಕೆ ಮತ್ತೆ ಕಟ್ಟಿಕೊಂಡ. ಸ್ಟೇರಿಂಗ್ ಮಿಸುಕಲಿಲ್ಲ. ಪಿಕಪ್ಪು ಬೈತಲೆ ತೆಗೆದ ಹಾಗೆ ದಾರಿಯ ನಡುವೆ ಹೋಯಿತು.

“ಹಿಡಿಯೋ ಮಾರಾಯ, ಸಾಕು ಹಿಡಿ!” ಎಂದು ಕೂಗಿದವರು ಸಾಹುಕಾರರು.

ಘಾಟಿ ಡ್ರೈವರ್ ಇಳಿದು ಇಮಾಮನ ಬೆನ್ನು ತಟ್ಟಿ, ಚಹಾ ಕುಡಿಸಿ ತನ್ನ ದಾರಿ ಹಿಡಿದ. ಬೆಳಿಗ್ಗೆ ಸಣ್ಣ ರೈಲು ನಮ್ಮವರು ಯಾರೂ ಇಲ್ಲದೆ ಹೋಯಿತು.

ಘಾಟಿ

ಆ ಘಾಟಿ ನಮ್ಮ ದೇಶದವರೇ ಕಡಿದು ಕೊಟ್ಟದ್ದಂತೆ. ಅರಬೈಲು ಅದರ ಮುಂದೆ ಹೊಸಿಲು. ಸುತ್ತಿ ಸುತ್ತಿ ಹತ್ತಿದರೆ ಕೆಳಗೆ ನಾವು ಬಂದ ದಾರಿ ಬಿದ್ದ ನೂಲಿನ ಹಾಗೆ ಕಾಣುತ್ತದೆ. ಹಿಂದೆ ನೆಂಟರು ಶಿವಶಿವಾ ಎನ್ನುತ್ತಿದ್ದರು, ಗಿರಿಜವ್ವ ಕಣ್ಣು ಮುಚ್ಚಿದ್ದಳು. ನಾನು ಎಡಗಡೆಯ ಕಮರಿಯನ್ನೇ ನೋಡುತ್ತ ಹೋದೆ. ಎರಡು ಕಡೆ ದಾರಿ ಕೊಚ್ಚಿಹೋಗಿ ಬಂಡೆಗಳು ಎದ್ದಿದ್ದವು. ಒಂದೂ ನಮ್ಮ ಗಾಡಿಯ ಹೊಟ್ಟೆಗೆ ತಾಗಲಿಲ್ಲ. ಮುಂದೆ ಹೋಗಿದ್ದ ಒಂದು ಜೀಪು ಎಣ್ಣೆ ಸುರಿದುಕೊಂಡು ನಿಂತಿತ್ತು. ಅದರವರು ನಮ್ಮ ಪಿಕಪ್ಪಿನ ಅಡಿಗೆ ಬಗ್ಗಿ ಬಗ್ಗಿ ನೋಡಿದರು. ನೋಡಲಿ ಎಂದು ಇಮಾಮನಿಗೆ ಸ್ವಲ್ಪ ನಿಲ್ಲಿಸಲು ಹೇಳಿದೆ.

ತುದಿಯಲ್ಲಿ ಹಿಮದ ಬೆಟ್ಟಗಳು ಕಂಡವು. ಬೆಳ್ಳಗೆ ಇದ್ದವು. ಅಲ್ಲಿ ಇಮಾಮನಿಗೆ ಎಲೆ ಅಡಿಕೆ ಕೊಟ್ಟು, “ಯಲ್ಲಾಪುರದಲ್ಲಿ ಅಷ್ಟು ಜನರ ಮುಂದೆ ಆಡಿದ್ದೆ. ಅದು ನನ್ನ ತಪ್ಪು,” ಎಂದೆ.

“ಇರಲಿ ಬಿಡಿ ಅಮ್ಮಾ. ಕೈ ಈಗ ನೋಯೂದಿಲ್ಲ.”

“ನೋಯೂದಿಲ್ಲ ಅಂತ ಸುಳ್ಳು ಹೇಳಬೇಡ. ಹೋಗೂವಾಗ ಅದೇ ಚಹಾ ಅಂಗಡಿಯಲ್ಲಿ ನಿಲ್ಲಿಸು.”

ಪಶುಪತಿ

ದೇವಸ್ಥಾನದಲ್ಲಿ ಮಂಗಗಳು ಜಾಸ್ತಿ. ಗಿರಿಜವ್ವನ ಹಣ್ಣಿನ ಬುಟ್ಟಿ ದೇವರಿಗಿಂತ ಮೊದಲು ಅವುಗಳಿಗೆ ಮುಟ್ಟಿತು. ಬೇರೆ ಧರ್ಮದವರನ್ನು ಒಳಗೆ ಬಿಡುವುದಿಲ್ಲ; ಇಮಾಮ ಹೊರಗೆ ಗಾಡಿ ಒರೆಸುತ್ತ ನಿಂತ. ಒಳಗಿನ ಅರ್ಚಕರು ನಮ್ಮ ಮಾತು ಕೇಳಿ ಕನ್ನಡದಲ್ಲೇ, “ಯಾವೂರಾತು?” ಎನ್ನಬೇಕೇ! ಅಲ್ಲಿ ಪೂಜೆಗೆ ನಮ್ಮ ಕಡೆಯವರೇ ಇರುವುದಂತೆ. ಅಷ್ಟು ದೂರದಿಂದ ಯಾವುದರಲ್ಲಿ ಬಂದಿರಿ ಎಂದು ಕೇಳಿದರು.

ಸಾಹುಕಾರರು ಬಾಯಿ ತೆರೆಯುವ ಮೊದಲೇ, “ನಾವು ಎತ್ತಿದ ಗಾಡಿಯಲ್ಲಿ,” ಎಂದೆ. ಪ್ರಸಾದ ಎರಡು ಪಾಲು ಕೇಳಿ ತೆಗೆದುಕೊಂಡು, ಒಂದನ್ನು ಹೊರಗೆ ನಿಂತವನಿಗೆ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ತಿಂದ.

ತಿರುಗಿ ಯಲ್ಲಾಪುರ, ಸಿರ್ಸಿ, ಸಿದ್ದಾಪುರ

ಯಲ್ಲಾಪುರದ ಚಹಾ ಅಂಗಡಿಯಲ್ಲಿ ನಿಲ್ಲಿಸಿದೆವು. ಹೋಗುವಾಗ ಕೇಳಿದವರಲ್ಲಿ ಅರ್ಧ ಮಂದಿ ಅಲ್ಲೇ ಇದ್ದರು; ಆ ಅಂಗಡಿಯಲ್ಲಿ ಎದ್ದು ಹೋಗುವವರು ಕಡಿಮೆ. ಇವನ ಕೈ ನೆಟ್ಟಗಿದೆ, ವಾರೆಯಾದದ್ದು ನನ್ನ ತುಂಡು ಎಂದು ಗಟ್ಟಿಯಾಗಿಯೇ ಹೇಳಿದೆ. ಅಂಗಡಿಯವ ಇನ್ನೊಂದು ಚಹಾ ಬೇಕೋ ಎಂದು ಕೇಳಿದ. ಇಮಾಮ ಎರಡು ಕುಡಿದ.

ಸಿರ್ಸಿ ಸ್ಟ್ಯಾಂಡಿನಲ್ಲಿ ನಾನು ಹೇಳುವುದು ಉಳಿದಿರಲಿಲ್ಲ. ಸಾಹುಕಾರರೇ ಕರವಸ್ತ್ರದ ಕಥೆಯನ್ನು ಕೈ ಎತ್ತಿ ತೋರಿಸಿ ಹೇಳಿದರು.

ಮನೆಯಲ್ಲಿ ನಮ್ಮ ಮನೆಯವರು ಬಾಚಿ ಕೆಳಗಿಡದೆ, “ಗಾಡಿ ಹೆಂಗೆ ಹೋತು?” ಎಂದರು.

ಬಿದಿರು ಕಡ್ಡಿ ಅವರ ಮುಂದೆ ಇಟ್ಟೆ. ತಿರುಗಿಸಿ ನೋಡಿದರು. ತಮ್ಮ ಎರಡು ಬೆರಳು ಜೋಡಿಸಿ ಕಡ್ಡಿಯ ಮೇಲೆ ಇಟ್ಟರು. ಸರಿಯಾಗಿ ಕೂತಿತು.

“ಇದು ನಂದು,” ಎಂದರು. “ತಪ್ಪಿದ್ದು ಯಾರದ್ದು?”

“ನಂದು. ಸರಿ ಮಾಡಿದ್ದೂ ನಾನೇ.”

ಅವರು ಹೂಂ ಎಂದು ಕಡ್ಡಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಆಮೇಲೆ ನಮ್ಮಲ್ಲಿ ಬೆರಳಿನ ಅಳತೆ ನಿಂತಿತು. ಕಡ್ಡಿ ಈಗ ಕಪ್ಪಾಗಿದೆ, ಉದ್ದ ಮಾತ್ರ ಅಷ್ಟೇ ಇದೆ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಇಮಾಮ ಇನ್ನೊಬ್ಬ ಸಾಹುಕಾರರ ಹೊಸ ಪಿಕಪ್ಪನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ನಾಲ್ಕು ಬೆರಳು ಎತ್ತಬೇಕಂತೆ. ನಮ್ಮ ಮನೆಯವರು ಜಗುಲಿಯಿಂದ ಏಳಹೊರಟರು.

“ನೀವು ಕೂತ್ಕಳಿ ಆಚಾರ್ರೆ,” ಎಂದ ಇಮಾಮ. “ಅಮ್ಮ ಅಳೀಲಿ.”